ಬ್ರೀಜ್‌ಹೋಮ್ ಕೊಳ್ಳಲೋ, ಇನ್ನೂ ಸ್ವಲ್ಪ ದಿನ ಛತ್ರದಲ್ಲೇ ಮಲಗಲೋ?

ಬೀದಿಬದಿ_ಡ್ರ್ಯಾಗನ್‌ಬಾರ್ನ್
ನಗಬೇಡಿ. 2011ರಲ್ಲಿ ಬಂದ ಸ್ಕೈರಿಮ್ ಅನ್ನೋ ವಿಡಿಯೋ ಗೇಮನ್ನು ನಾನು ಮೂರು ವಾರದ ಹಿಂದೆ ಶುರು ಮಾಡಿದ್ದೇನೆ. ಸೇಲ್‌ನಲ್ಲಿ ಸ್ಪೆಷಲ್ ಎಡಿಷನ್ ಅಗ್ಗಕ್ಕೆ ಸಿಕ್ಕಿತು.

ವೈಟ್‌ರನ್ ಅನ್ನೋ ಊರ ಹೊರಗಿನ ಕಾವಲುಗೋಪುರದ ಹತ್ತಿರ ಮೊದಲ ಡ್ರ್ಯಾಗನ್ ಕೊಂದೆ. ಥೇನ್ ಅನ್ನೋ ಗೌರವ ಪದವಿ ಕೊಟ್ಟರು, ಲಿಡಿಯಾ ಅನ್ನೋ ಅಂಗರಕ್ಷಕಿ ಹಿಂದೆ ಬಂದಳು. ಈಗ ಊರ ಒಡೆಯ ಜಾರ್ಲನ ಪಕ್ಕ ನಿಂತಿರುವ ಆ ಪ್ರೊವೆಂಟಸ್, ಒಂಥರಾ ಊರ ಶಾನುಭೋಗನ ಹಾಗೆ ಇದ್ದಾನೆ, ಅವನು ಬ್ರೀಜ್‌ಹೋಮ್ ಮನೆಗೆ 5000 ಗೋಲ್ಡ್ ಕೇಳುತ್ತಿದ್ದಾನೆ. ನನ್ನ ಹತ್ತಿರ ಇರುವುದು 5340. ಕೊಂಡರೆ ಕೈ ಖಾಲಿ. ಮೇಲಾಗಿ ಒಳಗಿನ ಸಾಮಾನಿಗೆಲ್ಲ ಬೇರೆ ದುಡ್ಡಂತೆ.

ಛತ್ರದಲ್ಲಿ ಒಂದು ರಾತ್ರಿಗೆ ಬರೀ 10 ಗೋಲ್ಡ್. ಲೆಕ್ಕ ಹಾಕಿದರೆ 5000ಕ್ಕೆ 500 ರಾತ್ರಿ ಮಲಗಬಹುದು. ಹಾಗಿದ್ದ ಮೇಲೆ ಮನೆ ಯಾಕೆ ಬೇಕು?

ಇನ್ನೊಂದು ವಿಷಯ. ತೂಕ ಜಾಸ್ತಿ ಆಗಿ ನಡೆಯಲಿಕ್ಕೇ ಆಗದೆ, ರಸ್ತೆ ಪಕ್ಕದ ಒಂದು ಪೀಪಾಯಿಯಲ್ಲಿ ಕತ್ತಿ, ಕವಚ, ಪುಸ್ತಕ ಎಲ್ಲ ಇಟ್ಟಿದ್ದೆ. ನಿನ್ನೆ ಹೋಗಿ ನೋಡಿದರೆ ಎರಡು ಎಲೆಕೋಸು ಇದೆ. ನನ್ನ ಸಾಮಾನು ಯಾರು ಕದ್ದರು?

ಚಕ್ಕುಲಿ_ವೀರ
ಯಾರೂ ಕದ್ದಿಲ್ಲ ಗುರುವೇ. ಆಟವೇ ನುಂಗಿತು.

ರಾತ್ರಿಪಾಳಿ
ಮೇಲಿನವರು ಹೇಳಿದ್ದು ಸರಿ. ಸ್ವಲ್ಪ ಬಿಡಿಸಿ ಹೇಳುತ್ತೇನೆ. ಆಟದೊಳಗಿನ ಲೆಕ್ಕದಲ್ಲಿ 10 ದಿನ ನೀವು ಒಂದು ಜಾಗಕ್ಕೆ ಹೋಗದಿದ್ದರೆ ಆ ಜಾಗ ಮೊದಲಿನಂತೆ ಆಗುತ್ತದೆ. ಕೊಂದ ತೋಳ ಮತ್ತೆ ಬರುತ್ತದೆ, ಪೀಪಾಯಿಯಲ್ಲಿ ಎಲೆಕೋಸು ಮತ್ತೆ ತುಂಬುತ್ತದೆ. ನೀವು ಪೂರ್ತಿ ಖಾಲಿ ಮಾಡಿದ ಗುಹೆಗಳಾದರೆ 30 ದಿನ. ನೀವು ಇಟ್ಟ ಸಾಮಾನು ಆ ಗುಡಿಸಾಟದಲ್ಲಿ ಹೋಗುತ್ತದೆ.

ದುಡ್ಡು ಕೊಟ್ಟು ಕೊಂಡ ಮನೆಯ ಪೆಟ್ಟಿಗೆಗಳಿಗೆ ಈ ಕಾಟ ಇಲ್ಲ. ಎಷ್ಟು ಬೇಕಾದರೂ ತುಂಬಬಹುದು, ಅಳತೆಯೇ ಇಲ್ಲ. ನೀವು ಹೊರುವುದಾದರೆ ಶುರುವಿನಲ್ಲಿ 300 ತೂಕ ಅಷ್ಟೇ. ಮನೆ ಬೇಕಾಗಿರುವುದು ಮಲಗಲಿಕ್ಕೆ ಅಲ್ಲ, ಇಡಲಿಕ್ಕೆ. ನಿಮ್ಮ 500 ರಾತ್ರಿ ಲೆಕ್ಕ ಅಲ್ಲೇ ತಪ್ಪಿದ್ದು.

ಬೀದಿಬದಿ_ಡ್ರ್ಯಾಗನ್‌ಬಾರ್ನ್
ಅಯ್ಯೋ. ಅದರಲ್ಲಿ ಒಂದು ಬೆಂಕಿ ಕೊಡಲಿ ಇತ್ತು.

ಚಕ್ಕುಲಿ_ವೀರ
ಈಗ ಎರಡು ಎಲೆಕೋಸು ಇದೆ ಅಲ್ವಾ, ಪಲ್ಯ ಮಾಡಿ.

ಮಲ್ನಾಡ್_ಮಳೆ
ಬ್ರೀಜ್‌ಹೋಮ್ ಕೊಳ್ಳಬೇಡಿ. ನನ್ನ ಮಾತು ಕೇಳಿ. ಆ 5000 ಇಟ್ಟುಕೊಂಡು ಫಾಕ್‌ರೀತ್ ಕಡೆ ಹೋಗಿ. ಅದೇ 5000ಕ್ಕೆ ಅಲ್ಲಿ ಲೇಕ್‌ವ್ಯೂ ಸೈಟ್ ಸಿಗುತ್ತದೆ. ಕಾಡು, ಕೆಳಗೆ ಕೆರೆ, ಬೆಳಿಗ್ಗೆ ಮಂಜು. ನಿಮ್ಮ ಕೈಯಾರೆ ಕಟ್ಟಿದ ಮನೆ. ವೈಟ್‌ರನ್‌ನಲ್ಲಿ ಏನಿದೆ? ಬಾಗಿಲು ತೆಗೆದರೆ ಪಕ್ಕದಲ್ಲಿ ಕಮ್ಮಾರನ ಅಂಗಡಿ, ಇಡೀ ದಿನ ಠಣ್ ಠಣ್.

ಹುಬ್ಬಳ್ಳಿ_ಹುಲಿ
ಆ ಠಣ್ ಠಣ್ ಇರೋದಕ್ಕೇ ಬ್ರೀಜ್‌ಹೋಮ್ ತಗೋಬೇಕು ನೋಡ್ರೀ. ಊರ ಬಾಗಿಲು ದಾಟಿ ನಾಲ್ಕು ಹೆಜ್ಜೆಗೆ ಮನೆ. ಮನೆ ಪಕ್ಕದಲ್ಲೇ ಕುಲುಮೆ, ಸಾಣೆಕಲ್ಲು, ಚರ್ಮ ಹದ ಮಾಡೋ ಚೌಕಟ್ಟು. ಗುಹೆಯಿಂದ ಬಂದು, ಇಳಿಸಿ, ಮಾರಿ, ಮತ್ತೆ ಹೊರಡಬೇಕು. ಕೆರೆ ನೋಡ್ಕೋತ ಕೂಡ್ರಾಕ ಯಾರಿಗೆ ಪುರುಸೊತ್ತು?

ಆಮೇಲೆ ಮಲ್ನಾಡ್ ಅವರು ಒಂದು ಮಾತು ಮುಚ್ಚಿಟ್ಟಿದ್ದಾರೆ. 5000 ಕೊಟ್ಟರೆ ಸಿಗೋದು ಬರೀ ನೆಲ. ಮರದ ದಿಮ್ಮಿ, ಕಲ್ಲು, ಜೇಡಿಮಣ್ಣು, ಮೊಳೆ, ತಿರುಗಣಿ, ಬೀಗ, ಗಾಜು, ಹುಲ್ಲು, ಕಡೆಗೆ ಆಡಿನ ಕೊಂಬು, ಎಲ್ಲ ನೀವೇ ತರಬೇಕು.

ಮಲ್ನಾಡ್_ಮಳೆ
ಮುಚ್ಚಿಟ್ಟಿಲ್ಲ. ಹೇಳುವವನಿದ್ದೆ. ಜೇಡಿಮಣ್ಣು, ಕಲ್ಲು ಎರಡೂ ಸೈಟಿನ ಪಕ್ಕದಲ್ಲೇ ಅಗೆಯಬಹುದು. ಒಂದು ಕಬ್ಬಿಣದ ಗಟ್ಟಿಯಿಂದ 10 ಮೊಳೆ ಆಗುತ್ತದೆ. ಮರದ ದಿಮ್ಮಿ ಮಾತ್ರ ಮರ ಕೊಯ್ಯುವ ಮಿಲ್ಲಿನಿಂದ ತರಿಸಬೇಕು. ಹತ್ತಿರದಲ್ಲೇ ಹಾಫ್‌ಮೂನ್ ಮಿಲ್ ಇದೆ.

ಕರಾವಳಿ_ಕಾಗೆ
ಹೌದು ಮಾರಾಯ್ರೆ, ಆ ಮಿಲ್ಲು ನಡೆಸುವ ಗಂಡ ಹೆಂಡತಿ ಇಬ್ಬರೂ ರಕ್ತಪಿಶಾಚಿಗಳು ಅಂತಲೂ ಹೇಳಿ ಬಿಡಿ.

ಮಲ್ನಾಡ್_ಮಳೆ
ವ್ಯಾಪಾರದಲ್ಲಿ ಮೋಸ ಇಲ್ಲ. ನನಗೆ ಅಷ್ಟು ಸಾಕು.

ಮೇಸ್ತ್ರಿ_ಸಿಕ್ಕಿಲ್ಲ
ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತ ಗಾದೆ. ಸ್ಕೈರಿಮ್‌ನಲ್ಲಿ ಮದುವೆ ಭಾರಿ ಸುಲಭ. ಮಾರಾ ದೇವಿಯ ತಾಯಿತ ಕೊರಳಿಗೆ ಹಾಕಿಕೊಂಡು ಓಡಾಡಿದರೆ ಎದುರಿನವರೇ ಕೇಳುತ್ತಾರೆ. ಮಾರನೇ ದಿನ ರಿಫ್ಟನ್ ದೇವಸ್ಥಾನದಲ್ಲಿ ಮದುವೆ, ಊಟದ ಖರ್ಚೂ ಇಲ್ಲ. ಮನೆ ಕಟ್ಟುವುದೇ ಕಷ್ಟ.

ನಾನು ಲೇಕ್‌ವ್ಯೂ ಕಟ್ಟಿದ್ದೇನೆ. ಮೊದಲು ಒಂದು ಸಣ್ಣ ಮನೆ. ಆಮೇಲೆ ಅದರ ಹಿಂದೆ ದೊಡ್ಡ ಹಜಾರ, ಆಗ ಸಣ್ಣ ಮನೆ ಪಡಸಾಲೆ ಆಗುತ್ತದೆ. ಆಮೇಲೆ ಮೂರು ದಿಕ್ಕಿಗೆ ಮೂರು ಭಾಗ. ಒಂದೊಂದು ದಿಕ್ಕಿಗೆ ಮೂರು ಆಯ್ಕೆ, ಅದರಲ್ಲಿ ಒಂದೇ ಕಟ್ಟಬಹುದು. ಪೂರ್ವಕ್ಕೆ ಅಡುಗೆಮನೆ, ಗ್ರಂಥಾಲಯ ಅಥವಾ ಆಯುಧದ ಕೋಣೆ. ನಾನು ಗ್ರಂಥಾಲಯ ಕಟ್ಟಿದೆ. ಈಗ ಅಡುಗೆಮನೆ ಇಲ್ಲ ಅಂತ ಕೊರಗುತ್ತಿದ್ದೇನೆ. ಒಮ್ಮೆ ಕಟ್ಟಿದ ಮೇಲೆ ಕೆಡವಿ ಬದಲಿಸುವ ಹಾಗಿಲ್ಲ. ಶುರು ಮಾಡುವ ಮೊದಲು ಕಾಗದದ ಮೇಲೆ ಬರೆದುಕೊಳ್ಳಿ.

ವಾಸ್ತು_ವಿರೋಧಿ
ಅಡುಗೆಮನೆ ಪೂರ್ವಕ್ಕೆ, ಅಂದರೆ ಆಗ್ನೇಯಕ್ಕೆ ಹತ್ತಿರ. ಆಟ ಮಾಡಿದವರಿಗೆ ವಾಸ್ತು ಗೊತ್ತಿತ್ತು ಅಂತ ಕಾಣುತ್ತದೆ.

ಹುಬ್ಬಳ್ಳಿ_ಹುಲಿ
ನಿಮ್ಮ ಹೆಸರಿಗೂ ನಿಮ್ಮ ಮಾತಿಗೂ ತಾಳ ಇಲ್ಲಲ್ರೀ.

ವಾಸ್ತು_ವಿರೋಧಿ
ವಿರೋಧಿಸಬೇಕಾದರೆ ಓದಿರಬೇಕು ತಾನೇ. ಅಂದಹಾಗೆ ಬ್ರೀಜ್‌ಹೋಮ್ ನಡುಮನೆಯಲ್ಲಿ ಬೆಂಕಿ ಉರಿಯುತ್ತಿರುತ್ತದೆ, ಅದು ಬ್ರಹ್ಮಸ್ಥಾನ. ನಮ್ಮ ಮಾವ ನೋಡಿದ್ದರೆ ಮನೆಯೊಳಗೇ ಬರುತ್ತಿರಲಿಲ್ಲ.

ಸುಮ್ನೆ_ಓದುವವಳು
ವಾಸ್ತು ಬಿಡಿ, ಮಾರಾಟಕ್ಕಿರುವ ಒಂದು ಮನೆಯಲ್ಲೂ ಬಚ್ಚಲಿಲ್ಲ. 25,000 ಕೊಟ್ಟು ಸಾಲಿಟ್ಯೂಡ್‌ನ ಬಂಗಲೆ ಕೊಂಡರೂ ಇಲ್ಲ. ಎಲ್ಲಿಗೆ ಹೋಗುತ್ತಾರೆ ಇವರು?

ಚಕ್ಕುಲಿ_ವೀರ
ಆ ಬಂಗಲೆ, ಪ್ರೌಡ್‌ಸ್ಪೈರ್, 20,000 ಅಲ್ವಾ?

ಸುಮ್ನೆ_ಓದುವವಳು
ಅಲ್ಲ, 25,000. ಪಟ್ಟಿ ಕೊಡುತ್ತೇನೆ ನೋಡಿ: ಬ್ರೀಜ್‌ಹೋಮ್ 5000. ರಿಫ್ಟನ್‌ನ ಹನಿಸೈಡ್ 8000. ಮಾರ್ಕಾರ್ತ್‌ನ ವ್ಲಿಂಡ್ರೆಲ್ ಹಾಲ್ ಕೂಡ 8000. ವಿಂಡ್‌ಹೆಲ್ಮ್‌ನ ಹ್ಯೆರಿಮ್ 12,000. ಸಾಲಿಟ್ಯೂಡ್ 25,000. ಐದೂ ಕೊಂಡಿದ್ದೇನೆ. ಐದರಲ್ಲೂ ಬಚ್ಚಲು ಹುಡುಕಿದ್ದೇನೆ.

ಕರಾವಳಿ_ಕಾಗೆ
ನನ್ನ ವೋಟು ಹನಿಸೈಡ್‌ಗೆ. ಮರದ ಮನೆ, ಹಿಂದೆ ನೀರಿನ ಮೇಲೆ ಜಗಲಿ. ಹಿಂಬಾಗಿಲಿನಿಂದ ನೇರ ಊರ ಹೊರಗೆ ಇಳಿಯಬಹುದು, ಊರ ಕಾವಲಿನವನ ಮುಖ ನೋಡಬೇಕಿಲ್ಲ. ಕಳ್ಳರ ಊರಿಗೆ ಕಳ್ಳರ ಮನೆ. ನಮ್ಮೂರ ಹೊಳೆಬದಿ ಮನೆ ನೆನಪಾಗುತ್ತದೆ, ಸೊಳ್ಳೆ ಮಾತ್ರ ಇಲ್ಲ.

ಹ್ಯೆರಿಮ್ ಕಡೆ ತಲೆ ಹಾಕಬೇಡಿ. ಒಳಗೆ ಕೊಲೆ ನಡೆದ ಮನೆ, ನೆಲದ ಮೇಲೆ ರಕ್ತ. ಅದನ್ನು ಒರೆಸಲಿಕ್ಕೂ ಬೇರೆ ದುಡ್ಡು ಕೇಳುತ್ತಾರೆ.

ಹಳೇ_ಹಾಸ್ಟೆಲ್
ಕೊಲೆ ಮನೆ ಅಂದಿದ್ದಕ್ಕೆ ನೆನಪಾಯಿತು. ಸ್ಕೈರಿಮ್ ಇರುವ ಎಲ್ಡರ್ ಸ್ಕ್ರೋಲ್ಸ್ ಆಟಗಳ ಸರಣಿಯಲ್ಲಿ ಇದು ಹಳೇ ಸಂಪ್ರದಾಯ.

2002ರ ಮಾರೋವಿಂಡ್‌ನಲ್ಲಿ ಮನೆ ಕೊಳ್ಳುವ ಏರ್ಪಾಡೇ ಇರಲಿಲ್ಲ. ಯಾವುದಾದರೂ ದೊಡ್ಡ ಮನೆತನಕ್ಕೆ ಸೇರಿ, ಮೇಲೆ ಬಂದರೆ ಒಂದು ಕೋಟೆ ಕಟ್ಟಿಸಿಕೊಡುತ್ತಿದ್ದರು. ಅಷ್ಟು ದಿನ ಕಾಯುವವರು ಯಾರು? ಬಾಲ್ಮೋರಾ ಊರಲ್ಲಿ ಹ್ಲಾಲೊ ಮ್ಯಾನರ್ ಅಂತ ಒಂದು ಮನೆ. ಮನೆಯ ಯಜಮಾನನನ್ನು ಯಾರೋ ಕೊಂದು ಹೋಗಿರುತ್ತಾರೆ, ಹೆಣ ಅಲ್ಲೇ ಬಿದ್ದಿರುತ್ತದೆ. ನಾವೆಲ್ಲ ಬೀಗ ತೆಗೆದು ಒಳಗೆ ಹೋಗಿ, ಹೆಣದ ಪಕ್ಕದಲ್ಲೇ ಸಂಸಾರ ಹೂಡುತ್ತಿದ್ದೆವು.

ಆಮೇಲೆ 2006ರಲ್ಲಿ ಒಬ್ಲಿವಿಯನ್ ಬಂತು. ಆಗ ನಾನು ಇಂಜಿನಿಯರಿಂಗ್ ಹಾಸ್ಟೆಲ್‌ನಲ್ಲಿದ್ದೆ. ಆರು ಜನರ ನಡುವೆ ಒಂದು ಕಂಪ್ಯೂಟರ್. ಅದು ಬಿಸಿಯಾಗುತ್ತದೆ ಅಂತ ಪಕ್ಕದ ತಗಡು ತೆಗೆದು ಟೇಬಲ್ ಫ್ಯಾನ್ ಇಟ್ಟಿದ್ದೆವು. ಒಬ್ಬೊಬ್ಬರಿಗೆ ಒಂದೊಂದು ಗಂಟೆ. ರಾಜಧಾನಿಯ ನೀರಿನಂಚಿನಲ್ಲಿ 2000ಕ್ಕೆ ಒಂದು ಗುಡಿಸಲು ಸಿಗುತ್ತಿತ್ತು, ಒಂದು ಹಾಸಿಗೆ, ಒಂದು ಮೇಜು, ಅಷ್ಟೇ. ನನಗೆ ಅದು ಬೇಡ ಅನ್ನಿಸಿತು. ಆನ್ವಿಲ್ ಅನ್ನೋ ಬಂದರು ಊರಲ್ಲಿ ದೊಡ್ಡ ಬಂಗಲೆ ಬರೀ 5000ಕ್ಕೆ ಮಾರುತ್ತಿದ್ದ ಒಬ್ಬ. ಇಷ್ಟು ಅಗ್ಗ ಯಾಕೆ ಅಂತ ಕೇಳುವ ಬುದ್ಧಿ ನನಗೆ ಬರಲಿಲ್ಲ. ಕೊಂಡೆ. ರಾತ್ರಿ ಎರಡು ಗಂಟೆ, ಲೈಟ್ ಆಫ್, ಮಿಕ್ಕ ಐದು ಜನ ನಿದ್ದೆ. ಆಟದಲ್ಲೂ ಮಲಗಿದೆ. ಎದ್ದರೆ ಮನೆ ತುಂಬ ದೆವ್ವ. ನಾನು ಕೂಗಿದ ಕೂಗಿಗೆ ವಾರ್ಡನ್ ಬಂದರು.

ಮಾರಿದವನು ಅಷ್ಟರಲ್ಲಿ ಊರು ಬಿಟ್ಟಿದ್ದ. ಅವನ ಅಜ್ಜನೋ ಮುತ್ತಜ್ಜನೋ ಮಾಟಗಾರ, ನೆಲಮಾಳಿಗೆಯಲ್ಲಿ ಹಾಗೇ ಕೂತಿದ್ದಾನೆ. ಅವನನ್ನು ಮುಗಿಸಿದ ಮೇಲೆ ಮಾತ್ರ ಮನೆ ಒಳ್ಳೇದಾಗುತ್ತದೆ. ಆಮೇಲೆ ನೋಡಿ, ಇಡೀ ಆಟದಲ್ಲಿ ಅಷ್ಟು ಅಗ್ಗದ ಬಂಗಲೆ ಇನ್ನೊಂದಿಲ್ಲ.

ಟೊರಾಂಟೊ_ತೊಗರಿಬೇಳೆ
2025ರ ಏಪ್ರಿಲ್‌ನಲ್ಲಿ ಒಬ್ಲಿವಿಯನ್‌ನ ಹೊಸ ಆವೃತ್ತಿ ಬಂತಲ್ಲ, ನಾನು ಮೊದಲ ಬಾರಿ ಆಡಿದ್ದು ಅದರಲ್ಲೇ. ನಿಮ್ಮ ಈ ಕಥೆ ಆಗಲೇ ಓದಿದ್ದರೆ 5000 ಉಳಿಯುತ್ತಿತ್ತು. ಹೆದರಿ ವಾಪಸ್ ಆ ಮನೆಗೆ ಹೋಗೇ ಇಲ್ಲ.

ರಾತ್ರಿಪಾಳಿ
ಅಗ್ಗಕ್ಕೆ ಸಿಕ್ಕ ಮನೆ ಅಂದರೆ ನಿಜ ಜೀವನದಲ್ಲೂ ಹಾಗೆಯೇ. ನಾನು ಬೆಂಗಳೂರಿಗೆ ಬಂದ ಹೊಸತರಲ್ಲಿ ಸಿಕ್ಕಾಪಟ್ಟೆ ಕಡಿಮೆ ಬಾಡಿಗೆಗೆ ಒಂದು ಮನೆ ಸಿಕ್ಕಿತು. ದೆವ್ವ ಇರಲಿಲ್ಲ. ನೀರು ಇರಲಿಲ್ಲ.

ಹಳೇ_ಹಾಸ್ಟೆಲ್
ದೆವ್ವವೇ ವಾಸಿ.

ಬೀದಿಬದಿ_ಡ್ರ್ಯಾಗನ್‌ಬಾರ್ನ್
ಸರಿ, ಬ್ರೀಜ್‌ಹೋಮ್ ಅಂತಲೇ ಇಟ್ಟುಕೊಳ್ಳೋಣ. ಸಾಮಾನಿಗೆ ಎಷ್ಟು ಬೇಕು? ಮೊದಲು ಏನು ಹಾಕಿಸಲಿ? ಒಳಗೆ ಮಾಯದ ಮೇಜು ಇದೆಯಾ, ಆಯುಧಕ್ಕೆ ಶಕ್ತಿ ತುಂಬುವುದು?

ಚಕ್ಕುಲಿ_ವೀರ
ಇದೆ ಇದೆ, ಮೂಲೆಯಲ್ಲಿ.

ಸುಮ್ನೆ_ಓದುವವಳು
ಇಲ್ಲ! ಚಕ್ಕುಲಿಯವರೇ, ಎರಡನೇ ಸಲ ತಪ್ಪು ಹೇಳುತ್ತಿದ್ದೀರಿ. ಬ್ರೀಜ್‌ಹೋಮ್‌ನಲ್ಲಿ ಇರುವುದು ಮದ್ದು ಅರೆಯುವ ಮೇಜು ಮಾತ್ರ. ಆಯುಧಕ್ಕೆ ಮಾಯ ತುಂಬುವ ಮೇಜು ಇಲ್ಲ. ಅದಕ್ಕೆ ಮೇಲೆ ಜಾರ್ಲನ ಅರಮನೆಗೇ ಹೋಗಬೇಕು, ಮಾಂತ್ರಿಕ ಫರೆಂಗಾರ್‌ನ ಕೋಣೆಯಲ್ಲಿದೆ.

ಸಾಮಾನು ಎಲ್ಲ ಸೇರಿ 1800. ಅದರಲ್ಲಿ ಮದ್ದಿನ ಮೇಜಿಗೇ 500. ಮಲಗುವ ಕೋಣೆಗೆ 300. ನನ್ನ ಸಲಹೆ, ಮೊದಲು ಮಲಗುವ ಕೋಣೆ. ಸ್ವಂತ ಹಾಸಿಗೆಯಲ್ಲಿ ಮಲಗಿ ಎದ್ದರೆ ಎಂಟು ಗಂಟೆ ಕಾಲ ಎಲ್ಲ ವಿದ್ಯೆಯೂ 10 ಪ್ರತಿಶತ ಬೇಗ ಬರುತ್ತದೆ. ಕಾಡಿನಲ್ಲಿ ಯಾರದೋ ಡೇರೆಯಲ್ಲಿ ಮಲಗಿದರೆ 5. ಗಂಡನೋ ಹೆಂಡತಿಯೋ ಜೊತೆಗಿದ್ದರೆ 15.

ರಾತ್ರಿಪಾಳಿ
ಸಣ್ಣ ತಿದ್ದುಪಡಿ. ಛತ್ರದಲ್ಲಿ ದುಡ್ಡು ಕೊಟ್ಟು ಮಲಗಿದರೂ 10 ಪ್ರತಿಶತವೇ. ಅದಕ್ಕಾಗಿ ಮನೆ ಬೇಕಿಲ್ಲ.

ಸುಮ್ನೆ_ಓದುವವಳು
ಸರಿ ಒಪ್ಪಿದೆ. ಆದರೆ ಛತ್ರದಲ್ಲಿ ಹಾಡುಗಾರ ರಾತ್ರಿಯಿಡೀ ಅದೇ ಹಾಡು ಹೇಳುತ್ತಾನೆ. ಅದಕ್ಕೇ 300 ಕೊಡಬಹುದು.

ಹುಬ್ಬಳ್ಳಿ_ಹುಲಿ
ಮುಖ್ಯವಾದ ಮಾತು: ಶಾನುಭೋಗನ ಹತ್ತಿರ ಎಲ್ಲ ಸಾಮಾನು ಕೊಂಡ ಮೇಲೇ ನಿಮ್ಮ ವಸ್ತು ನೆಲದ ಮೇಲೆ ಇಡಿ. ಮೊದಲೇ ಇಟ್ಟರೆ ಆಮೇಲೆ ಬರೋ ಕಪಾಟು ಅದರ ಮೇಲೇ ಕೂರುತ್ತದೆ. ನನ್ನದೊಂದು ಗುರಾಣಿ ಇವತ್ತಿಗೂ ಗೋಡೆಯೊಳಗೆ ಇದೆ, ಅಂಚು ಮಾತ್ರ ಕಾಣುತ್ತದೆ.

ದಾವಣಗೆರೆ_ಬೆಣ್ಣೆ
ದುಡ್ಡಿನ ಚಿಂತೆ ಯಾಕೆ? ಕೀಬೋರ್ಡಿನ ಎಡ ಮೂಲೆಯ ಕೀ ಒತ್ತಿ, ಒಂದು ಸಾಲು ಬರೆದರೆ ಲಕ್ಷ ಗೋಲ್ಡ್ ಬರುತ್ತದೆ. ಎರಡು ನಿಮಿಷದ ಕೆಲಸ.

ಮಲ್ನಾಡ್_ಮಳೆ
ಬಂತು ನೋಡಿ. ಹಾಗಾದರೆ ಆಡುವುದು ಯಾಕೆ?

ದಾವಣಗೆರೆ_ಬೆಣ್ಣೆ
ದಿನಕ್ಕೆ ಹತ್ತು ಗಂಟೆ ಆಫೀಸು, ಎರಡು ಗಂಟೆ ಟ್ರಾಫಿಕ್ಕು. ಮನೆಗೆ ಬಂದ ಮೇಲೂ ಕಬ್ಬಿಣ ಅಗೆದು ಮೊಳೆ ಮಾಡು ಅಂತೀರಾ? ನಾನು ಅಲಂಕಾರ ಮಾಡಲಿಕ್ಕೆ ಆಡುವವನು. ಸಂಬಳ, ಉಳಿತಾಯ, ಕಂತು ಇದೆಲ್ಲ ಹೊರಗೆ ಇದ್ದೇ ಇದೆ.

ಮಲ್ನಾಡ್_ಮಳೆ
ಸಂಪಾದಿಸಿ ಕಟ್ಟಿದ ಮನೆಗೆ ಹೋದರೆ ಆಗುವ ಖುಷಿ ಬೇರೆ. ಇದು ವಾದಕ್ಕೆ ಸಿಗುವ ವಿಷಯ ಅಲ್ಲ.

ದಾವಣಗೆರೆ_ಬೆಣ್ಣೆ
ವಾದ ಶುರು ಮಾಡಿದ್ದು ನೀವೇ.

ಕರಾವಳಿ_ಕಾಗೆ
ಇಬ್ಬರಿಗೂ ಬೇಡವಾದ ಮಧ್ಯದ ದಾರಿ ಒಂದಿದೆ. ವೈಟ್‌ರನ್‌ನ ಉತ್ತರಕ್ಕೆ ಹಾಲ್ಟೆಡ್ ಸ್ಟ್ರೀಮ್ ಕ್ಯಾಂಪ್ ಅಂತ ದರೋಡೆಕೋರರ ಬೀಡು. ಒಳಗೆ ಒಂದು ಮಂತ್ರದ ಪುಸ್ತಕ ಸಿಗುತ್ತದೆ. ಅದನ್ನು ಕಲಿತರೆ ಕಬ್ಬಿಣದ ಅದಿರು ಬೆಳ್ಳಿಯಾಗುತ್ತದೆ, ಬೆಳ್ಳಿ ಚಿನ್ನವಾಗುತ್ತದೆ. ಅದನ್ನು ಕರಗಿಸಿ ಉಂಗುರ ಮಾಡಿ ಮಾರಿ. ಕಮ್ಮಾರ ವಿದ್ಯೆಯೂ ಏರುತ್ತದೆ, ದುಡ್ಡೂ ಬರುತ್ತದೆ. ಮೋಸ ಅಂತ ಯಾರೂ ಹೇಳುವ ಹಾಗಿಲ್ಲ, ಆಟದವರೇ ಇಟ್ಟ ಪುಸ್ತಕ.

ಬೀದಿಬದಿ_ಡ್ರ್ಯಾಗನ್‌ಬಾರ್ನ್
ಇದು ಹಿಡಿಸಿತು! ಇವತ್ತು ರಾತ್ರಿಯೇ ಹೋಗುತ್ತೇನೆ. ಜಾರ್ಲನಿಗೂ ಒಂದು ಉಂಗುರ ಕೊಡಬಹುದಾ?

ವಾಸ್ತು_ವಿರೋಧಿ
ಜಾರ್ಲ್ ಅಲ್ಲ. ಆಟದಲ್ಲಿ ಅದನ್ನು ಯಾರ್ಲ್ ಅಂತ ಹೇಳುತ್ತಾರೆ.

ಚಕ್ಕುಲಿ_ವೀರ
ಯಾರ್ಲ್? ಯಾರವನು?

ಗಂಧದ_ಗುಡಿಸಲು
ಯಾರೂ ಅಲಂಕಾರದ ನಿಜವಾದ ಕಷ್ಟ ಹೇಳಲೇ ಇಲ್ಲ. ನಾನು ಹೇಳುತ್ತೇನೆ.

ಒಂದು ಭಾನುವಾರ ಮಧ್ಯಾಹ್ನ ಇಡೀ ಕೂತು ಬ್ರೀಜ್‌ಹೋಮ್ ಊಟದ ಮೇಜು ಜೋಡಿಸಿದೆ. ನಾಲ್ಕು ತಟ್ಟೆ, ನಾಲ್ಕು ಲೋಟ, ನಡುವೆ ಇಡೀ ಗಿಣ್ಣಿನ ಚಕ್ರ, ಅದರ ಪಕ್ಕ ಬೆಳ್ಳಿ ಬಟ್ಟಲಿನಲ್ಲಿ ಸೇಬು. ಆಟದಲ್ಲಿ ವಸ್ತು ತಿರುಗಿಸುವುದು ಎಷ್ಟು ಕಷ್ಟ ಗೊತ್ತಲ್ಲ. ಕೀ ಒತ್ತಿ ಹಿಡಿದು, ನಾವೇ ಮೇಜಿನ ಸುತ್ತ ನಡೆದು, ಗೋಡೆಗೆ ತಾಗಿಸಿ ತಿರುಗಿಸಿ, ಮೆಲ್ಲಗೆ ಬಿಡಬೇಕು. ಒಂದು ಚಮಚಕ್ಕೆ ಹತ್ತು ನಿಮಿಷ. ನಾಲ್ಕು ಗಂಟೆ ಹೋಯಿತು. ಅಮ್ಮ ಬಂದು ನೋಡಿದರು. "ಇಲ್ಲಿ ನಿನ್ನ ರೂಮಿನಲ್ಲಿ ಮೂರು ದಿನದ ಕಾಫಿ ಲೋಟ ಇದೆ, ಅದನ್ನು ಯಾರು ಜೋಡಿಸಬೇಕು" ಅಂದರು. ಉತ್ತರ ಇರಲಿಲ್ಲ.

ಹೊರಗೆ ಹೋಗಿ ಬಾಗಿಲು ತೆಗೆದು ಮತ್ತೆ ಒಳಗೆ ಬಂದೆ. ಬಾಂಬು ಬಿದ್ದ ಹಾಗೆ ಎಲ್ಲ ಹಾರಿತು. ಗಿಣ್ಣು ಒಲೆಗೆ ಉರುಳಿತು. ಲಿಡಿಯಾ ಮುಖದ ಮುಂದೆಯೇ ಒಂದು ತಟ್ಟೆ ಹಾರಿತು, ಅವಳು ಕಣ್ಣು ಮಿಟುಕಿಸಲಿಲ್ಲ.

ರಾತ್ರಿಪಾಳಿ
ನಿಮ್ಮ ಮಾನಿಟರ್ 60ಕ್ಕಿಂತ ಜಾಸ್ತಿ ಹರ್ಟ್ಸ್‌ದಾ?

ಗಂಧದ_ಗುಡಿಸಲು
144.

ರಾತ್ರಿಪಾಳಿ
ಅಲ್ಲೇ ಇದೆ ಭೂತ. ಈ ಆಟದಲ್ಲಿ ವಸ್ತುಗಳು ಬೀಳುವ, ಉರುಳುವ ಲೆಕ್ಕವನ್ನು ಫ್ರೇಮ್ ವೇಗಕ್ಕೆ, ಅಂದರೆ ಪರದೆಯ ಚಿತ್ರ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಅನ್ನೋದಕ್ಕೆ ಗಂಟು ಹಾಕಿದ್ದಾರೆ. ಸೆಕೆಂಡಿಗೆ 60 ಫ್ರೇಮ್ ಅಂತ ಎಣಿಸಿ ಮಾಡಿದ್ದು. ಅದನ್ನು ಮೀರಿದರೆ ಲೆಕ್ಕ ಹುಚ್ಚಾಗುತ್ತದೆ, ತಟ್ಟೆ ಲೋಟ ತಾವೇ ಕುಣಿಯುತ್ತವೆ. ಗ್ರಾಫಿಕ್ಸ್ ಕಾರ್ಡಿನ ಸೆಟ್ಟಿಂಗ್‌ನಲ್ಲಿ ಈ ಆಟಕ್ಕೆ ಮಾತ್ರ 60ಕ್ಕೆ ಕಟ್ಟು ಹಾಕಿ. ಅರ್ಧ ರೋಗ ವಾಸಿ.

ಇನ್ನರ್ಧಕ್ಕೆ ನನ್ನ ಉಪಾಯ ಹೀಗೆ. ಜೋಡಿಸಬೇಕಾದ ಎಲ್ಲ ವಸ್ತುವನ್ನೂ ಮೊದಲು ಚೀಲದಿಂದ ತೆಗೆದು ನೆಲಕ್ಕೆ ಸುರಿಯಿರಿ. ಜೋಡಿಸಲು ಹೋಗಬೇಡಿ. ಮನೆಯಿಂದ ಹೊರಗೆ ಹೋಗಿ, ಮತ್ತೆ ಬನ್ನಿ. ಈಗ ಒಂದೊಂದೇ ಎತ್ತಿ ಮೇಜಿಗೆ ಇಡಿ. ಹೀಗೆ ಮಾಡಿದರೆ ಇಟ್ಟ ಜಾಗ ಆಟಕ್ಕೆ ನೆನಪಿರುತ್ತದೆ. ಚೀಲದಿಂದ ತೆಗೆದು ನೇರ ಮೇಜಿನ ಮೇಲೆ ಇಟ್ಟದ್ದು ಮರಳಿ ಬೀಳಿಸಿದ ಜಾಗಕ್ಕೇ ಹೋಗುವುದುಂಟು.

ಗಂಧದ_ಗುಡಿಸಲು
ಇದನ್ನು ನಾಲ್ಕು ವರ್ಷದ ಹಿಂದೆ ಹೇಳಬಾರದಿತ್ತಾ.

ಟೊರಾಂಟೊ_ತೊಗರಿಬೇಳೆ
ನಾನು ಮೇಜಿಗೆ ಕೈ ಹಚ್ಚುವುದೇ ಇಲ್ಲ. ಪುಸ್ತಕದ ಕಪಾಟು, ಗೋಡೆಯ ಆಯುಧದ ಹಲಗೆ, ಕವಚ ತೊಡಿಸುವ ಬೊಂಬೆ, ಇಷ್ಟೇ. ಅವು ತಾವಾಗಿ ಜೋಡಿಸಿಕೊಳ್ಳುತ್ತವೆ. ಬೊಂಬೆಗಳು ಮಾತ್ರ ಒಮ್ಮೊಮ್ಮೆ ಇಟ್ಟ ಜಾಗ ಬಿಟ್ಟು ಬೇರೆ ಕಡೆ ನಿಂತಿರುತ್ತವೆ. ಹೊರಗೆ ಮೈನಸ್ ಇಪ್ಪತ್ತು, ಮನೆಯಲ್ಲಿ ನಾನೊಬ್ಬನೇ, ಆಟದಲ್ಲಿ ತಿರುಗಿ ನೋಡಿದರೆ ಬೊಂಬೆ ಬಾಗಿಲಲ್ಲಿ ನಿಂತಿದೆ. ಅವತ್ತು ಲೈಟ್ ಹಾಕಿಕೊಂಡು ಮಲಗಿದೆ.

ಎರಡು_ಮಕ್ಕಳ_ತಾಯಿ
ನಮ್ಮ ಮನೆಯಲ್ಲಿ ಅಲಂಕಾರದ ಉಸ್ತುವಾರಿ ನನ್ನ ಎಂಟು ವರ್ಷದ ಮಗಳದು. ವೈಟ್‌ರನ್‌ನಲ್ಲಿ ಭಿಕ್ಷೆ ಬೇಡುವ ಲೂಸಿಯಾ ಅನ್ನೋ ಹುಡುಗಿ ಇದ್ದಾಳಲ್ಲ, ಅವಳನ್ನು ಮನೆಗೆ ಕರೆದುಕೊಂಡು ಬರಲೇಬೇಕು ಅಂತ ಹಟ. ಅದಕ್ಕೆ ಮಕ್ಕಳ ಕೋಣೆ ಬೇಕು. ಬ್ರೀಜ್‌ಹೋಮ್‌ನಲ್ಲಿ ಮಕ್ಕಳ ಕೋಣೆ ಹಾಕಿಸಿದರೆ ಮದ್ದಿನ ಮೇಜು ತೆಗೆಯುತ್ತಾರೆ. ನಾನು ಆಗಲೇ 500 ಕೊಟ್ಟು ಮೇಜು ಹಾಕಿಸಿದ್ದೆ! ತೆಗೆಸಿದೆ, ಇನ್ನೇನು ಮಾಡುವುದು.

ಆಮೇಲೆ ವಿಂಡ್‌ಹೆಲ್ಮ್‌ನ ಹಿಮದಲ್ಲಿ ಹೂ ಮಾರುವ ಸೋಫಿಯೂ ಬಂದಳು. ಇಬ್ಬರಿಗಿಂತ ಜಾಸ್ತಿ ಆಟ ಬಿಡುವುದಿಲ್ಲ, ಪುಣ್ಯಕ್ಕೆ. ಈಗ ಇಬ್ಬರೂ ಸೇರಿ ಒಂದು ನರಿಮರಿ ತಂದು ಸಾಕೋಣ ಅನ್ನುತ್ತಿದ್ದಾರೆ.

ವಾಸ್ತು_ವಿರೋಧಿ
ತಪ್ಪು ತಿಳಿಯಬೇಡಿ, ಇದು ದೊಡ್ಡವರ ಆಟ ಅಲ್ವಾ? ತಲೆ ಕಡಿಯುವ ದೃಶ್ಯದಿಂದಲೇ ಶುರುವಾಗುತ್ತದೆ.

ಎರಡು_ಮಕ್ಕಳ_ತಾಯಿ
ಗೊತ್ತು. ಕತ್ತಿ ಕೆಲಸ ಎಲ್ಲ ಅವಳು ಮಲಗಿದ ಮೇಲೆ ನಾನು ಮಾಡುತ್ತೇನೆ. ಅವಳಿಗೆ ತೋರಿಸುವುದು ಮನೆಯೊಳಗೆ ಮಾತ್ರ. ಅವಳ ಲೆಕ್ಕದಲ್ಲಿ ಇದು ಬೊಂಬೆ ಮನೆ ಆಟ. ಅಮ್ಮ ಪ್ರತಿ ರಾತ್ರಿ ಎಲ್ಲಿಂದ ಇಷ್ಟು ಕತ್ತಿ ತರುತ್ತಾಳೆ ಅಂತ ಇನ್ನೂ ಕೇಳಿಲ್ಲ.

ಮೇಸ್ತ್ರಿ_ಸಿಕ್ಕಿಲ್ಲ
ಬೊಂಬೆ ಮನೆ ಅಂದರೆ ನನ್ನ ಹೆಂಡತಿ ಆಡುವ ಸ್ಟಾರ್‌ಡ್ಯೂ ವ್ಯಾಲಿ. ಅದರಲ್ಲಿ ರಾಬಿನ್ ಅಂತ ಬಡಗಿ ಹೆಂಗಸು. 10,000 ದುಡ್ಡು, 450 ಮರ ಕೊಟ್ಟರೆ ಮೂರೇ ದಿನದಲ್ಲಿ ಅಡುಗೆಮನೆ ಕಟ್ಟಿ ಕೊಡುತ್ತಾಳೆ. ಮೂರೇ ದಿನ! ನಮ್ಮ ನಿಜವಾದ ಅಡುಗೆಮನೆ ಕೆಲಸ ಯುಗಾದಿಗೆ ಶುರುವಾಗಿದ್ದು, ಗಣೇಶನ ಹಬ್ಬಕ್ಕೂ ಸಿಂಕ್ ಕೂರಿಸಿರಲಿಲ್ಲ. ಹೆಂಡತಿ ಆ ಆಟ ಆಡುತ್ತ ನನ್ನ ಕಡೆ ಒಂದು ನೋಟ ನೋಡುತ್ತಾಳೆ.

ಸರದಿಯಲ್ಲಿ_ನಿಂತವನು
ನೀವೆಲ್ಲ ಪುಣ್ಯವಂತರು. ದುಡ್ಡಿದ್ದರೆ ಮನೆ ಸಿಗುತ್ತದೆ. ನಾನು ಆಡುವುದು ಫೈನಲ್ ಫ್ಯಾಂಟಸಿ 14 ಅನ್ನೋ ಆನ್‌ಲೈನ್ ಆಟ. ಅದರಲ್ಲಿ ಸೈಟುಗಳಿಗೆ ಲೆಕ್ಕ ಇದೆ, ಒಂದು ಬಡಾವಣೆಗೆ 60 ಸೈಟು. ಸಾವಿರಾರು ಜನ ಕಾಯುತ್ತಿರುತ್ತಾರೆ. 2022ರಿಂದ ಲಾಟರಿ. ದುಡ್ಡು ಕಟ್ಟಿ ಚೀಟಿ ತಗೊಂಡು ದಿನಗಟ್ಟಲೆ ಕಾದರೆ ಕಡೆಗೆ ನಿಮ್ಮ ನಂಬರ್ ಬರಲಿಲ್ಲ ಅಂತ ದುಡ್ಡು ವಾಪಸ್. ನಮ್ಮ ತಂದೆ ಸೈಟಿಗೆ ಅರ್ಜಿ ಹಾಕಿ ಹಾಕಿ ರಿಟೈರ್ ಆದರು. ನಾನು ಆಟದಲ್ಲೂ ಅದನ್ನೇ ಮಾಡುತ್ತಿದ್ದೇನೆ.

ಏಳನೇ ಸಲ ಸಿಕ್ಕಿತು. ಸಣ್ಣ ಮನೆ, ಸಮುದ್ರದ ಕಡೆ. ಎಷ್ಟು ಚೆನ್ನಾಗಿ ಜೋಡಿಸಿದ್ದೆ ಅಂದರೆ ಬೇರೆ ಆಟಗಾರರು ನೋಡಲು ಬರುತ್ತಿದ್ದರು. ಆಮೇಲೆ ತಂಗಿ ಮದುವೆ ಬಂತು. ಓಡಾಟದಲ್ಲಿ ಮರೆತೇ ಹೋಯಿತು. 45 ದಿನ ಮನೆಯೊಳಗೆ ಕಾಲಿಡದಿದ್ದರೆ ಕೆಡವುತ್ತಾರೆ, ಅದು ನಿಯಮ. ವಾಪಸ್ ಹೋದರೆ ಬಯಲು.

ಗಂಧದ_ಗುಡಿಸಲು
ಓದಿ ಹೊಟ್ಟೆ ಉರಿಯಿತು.

ಟೊರಾಂಟೊ_ತೊಗರಿಬೇಳೆ
ಅಪಾರ್ಟ್‌ಮೆಂಟ್ ತಗೊಳ್ಳಬಹುದಿತ್ತಲ್ಲ? ಆ ಆಟದ ದುಡ್ಡಿನಲ್ಲಿ 5 ಲಕ್ಷ ಗಿಲ್, ಲಾಟರಿ ಇಲ್ಲ. ಅದನ್ನು ಕೆಡವುವುದೂ ಇಲ್ಲ.

ಸರದಿಯಲ್ಲಿ_ನಿಂತವನು
ಇದೆ, ಅದರಲ್ಲೇ ಇದ್ದೇನೆ ಈಗ. ಒಂದೇ ಕೋಣೆ. ಅಂಗಳ ಇಲ್ಲ. ಸ್ವಂತ ಮನೆಯಲ್ಲಿ ಇದ್ದು ಬಂದವನಿಗೆ ಉಸಿರು ಕಟ್ಟುತ್ತದೆ ಸ್ವಾಮಿ.

ಹುಬ್ಬಳ್ಳಿ_ಹುಲಿ
ಪಾಪ, ವಿಷಯ ಎಲ್ಲಿಂದ ಎಲ್ಲಿಗೋ ಹೋಯಿತು. ಆ ಹುಡುಗ ಮನೆ ಕೊಂಡನೋ ಇಲ್ಲವೋ?

ಮಲ್ನಾಡ್_ಮಳೆ
ನಾನು ಹೇಳಿದ ಹಾಗೆ ಲೇಕ್‌ವ್ಯೂಗೆ ಹೋಗಿರಬೇಕು.

ಹಳೇ_ಹಾಸ್ಟೆಲ್
ಹೋಗಿದ್ದರೆ ಇಷ್ಟರಲ್ಲಿ ಆ ಮಿಲ್ಲಿನವರು ರಕ್ತ ಕುಡಿದಿರುತ್ತಾರೆ.

ಕರಾವಳಿ_ಕಾಗೆ
ಯಾರಿಗಾದರೂ ವಿಚರ್ 3 ಆಟದ ಕೊರ್ವೊ ಬಿಯಾಂಕೊ ಮನೆ ನೆನಪಿದೆಯಾ? 2016ರಲ್ಲಿ ಬ್ಲಡ್ ಅಂಡ್ ವೈನ್ ಅನ್ನೋ ಅದರ ಹೆಚ್ಚುವರಿ ಭಾಗದಲ್ಲಿ ಬಂದದ್ದು. ಒಂದು ಕಾಸು ಕೊಡದೆ ದ್ರಾಕ್ಷಿ ತೋಟದ ಮನೆ, ಜೊತೆಗೆ ಬಾರ್ನಬಸ್ ಬೇಸಿಲ್ ಅನ್ನೋ ಪಾರುಪತ್ಯದವನು. ರಿಪೇರಿಗೆ ಮಾತ್ರ ಸಾವಿರ ಸಾವಿರ ಕೀಳುತ್ತಾನೆ. ಆದರೂ ಅಷ್ಟು ವರ್ಷ ಮಣ್ಣಲ್ಲಿ ಮಲಗಿದ ಆ ಆಟದ ನಾಯಕ ಮುದುಕನಿಗೆ ಒಂದು ಹಾಸಿಗೆ ಸಿಕ್ಕಿತಲ್ಲ ಅಂತ ನನಗೆ ಕಣ್ಣು ತುಂಬಿತ್ತು ಮಾರಾಯ್ರೆ. ಮೊದಲ ಸಲ ಗೋಡೆಗೆ ಚಿತ್ರ ಹಾಕಿದಾಗ ಬಹಳ ಹೊತ್ತು ಸುಮ್ನೆ ನೋಡುತ್ತ ನಿಂತೆ.

ಚಕ್ಕುಲಿ_ವೀರ
ಈ ಸಲ ನಾನು ಏನೂ ತಪ್ಪು ಹೇಳುವುದಿಲ್ಲ. ಚೆನ್ನಾಗಿತ್ತು ಆ ಮನೆ.

ಬೀದಿಬದಿ_ಡ್ರ್ಯಾಗನ್‌ಬಾರ್ನ್
ಕ್ಷಮಿಸಿ, ಎರಡು ದಿನ ಈ ಕಡೆ ಬರಲಾಗಲಿಲ್ಲ, ಉಂಗುರ ಮಾಡುತ್ತಿದ್ದೆ. ಆ ಕ್ಯಾಂಪಿನ ಪುಸ್ತಕ ಸಿಕ್ಕಿತು. ಕಬ್ಬಿಣ ಬೆಳ್ಳಿಯಾಗಿ, ಬೆಳ್ಳಿ ಚಿನ್ನವಾಗಿ, ಒಟ್ಟು 7100 ಆಯಿತು. ಕರಾವಳಿಯವರಿಗೆ ದೊಡ್ಡ ನಮಸ್ಕಾರ.

ಬ್ರೀಜ್‌ಹೋಮ್ ಕೊಂಡೆ. ಮಲ್ನಾಡ್ ಅವರೇ, ಬೇಜಾರು ಮಾಡಿಕೊಳ್ಳಬೇಡಿ, ಮುಂದಿನದು ಲೇಕ್‌ವ್ಯೂ. ಪೂರ್ತಿ 1800 ಕೊಟ್ಟು ಎಲ್ಲ ಸಾಮಾನೂ ಹಾಕಿಸಿದೆ. 60 ಫ್ರೇಮಿಗೆ ಕಟ್ಟು ಹಾಕಿದೆ, ನೆಲಕ್ಕೆ ಸುರಿದು ಹೊರಗೆ ಹೋಗಿ ಬಂದು ಆಮೇಲೆ ಜೋಡಿಸಿದೆ. ಮೂರು ಸಲ ಬಾಗಿಲು ತೆಗೆದು ನೋಡಿದೆ, ಒಂದು ಲೋಟವೂ ಅಲುಗಲಿಲ್ಲ.

ಈ ವಿಷಯ ನಮ್ಮಕ್ಕನಿಗೆ ಹೇಳಿದೆ. "ಹಾಲು ಉಕ್ಕಿಸದೆ ಮನೆ ಹೊಕ್ಕೆಯಾ" ಅಂದಳು. ತಮಾಷೆಗೆ ಅಂದಳೋ ನಿಜಕ್ಕೋ ಗೊತ್ತಾಗಲಿಲ್ಲ. ಹುಡುಕಿದರೆ ಆಟದಲ್ಲಿ ಹಾಲಿನ ಜಗ್ ಕೂಡ ಇದೆ! ಒಂದು ತಂದೆ. ನಡುಮನೆಯ ಬೆಂಕಿ ಪಕ್ಕ ಇಡಲು ಹೋದೆ, ಕೈ ತಪ್ಪಿ ಬೆಂಕಿಯೊಳಗೇ ಬಿತ್ತು. ಚೆಲ್ಲಿತು ಅಂತಲೇ ಲೆಕ್ಕ. ಯಾವ ದಿಕ್ಕಿಗೆ ಚೆಲ್ಲಿತು ಅಂತ ವಾಸ್ತು ಅವರು ಕೇಳಬೇಡಿ.

ವಾಸ್ತು_ವಿರೋಧಿ
ಪೂರ್ವಕ್ಕೆ ತಾನೇ?

ಎರಡು_ಮಕ್ಕಳ_ತಾಯಿ
ಶುಭವಾಗಲಿ! ಲೂಸಿಯಾ ಹೊರಗೆ ಒಣಗಿದ ಮರದ ಕೆಳಗೆ ಕೂತಿರುತ್ತಾಳೆ, ಒಂದು ಸಲ ನೋಡಿ ಬನ್ನಿ.

ಹುಬ್ಬಳ್ಳಿ_ಹುಲಿ
ಗೃಹಪ್ರವೇಶದ ಊಟ ಎಲ್ಲಿ?

ಬೀದಿಬದಿ_ಡ್ರ್ಯಾಗನ್‌ಬಾರ್ನ್
ಎರಡು ಎಲೆಕೋಸು ಇದೆ. ಬನ್ನಿ.

ಒಂದೇ ತೊಂದರೆ. ಮಹಡಿ ಮೇಲೆ ನನ್ನ ಕೋಣೆಯಲ್ಲಿದ್ದೇನೆ. ಲಿಡಿಯಾ ಬಾಗಿಲಲ್ಲೇ ನಿಂತಿದ್ದಾಳೆ. ಇಪ್ಪತ್ತು ನಿಮಿಷ ಆಯಿತು. ಹೊರಗೆ ಹೋಗುವುದು ಹೇಗೆ?

ಚಕ್ಕುಲಿ_ವೀರ
ಹೊಸ ಚರ್ಚೆ ಶುರು ಮಾಡಿ.